ಒಂದು ಯೂನಿಟ್ಟಿಗೆ ಎರಡು ಸಾವಿರ ಮಹಡಿ

ಮೊದಲ ದಿನದ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಮೇಡಂ, ಇದರಲ್ಲಿ ಲೆಕ್ಕ ಇರುತ್ತಾ?"

ಕೇಳುವವರು ಇತಿಹಾಸ, ಸಾಹಿತ್ಯ, ಕಾಮರ್ಸ್, ಕಾನೂನು, ಸಮಾಜಶಾಸ್ತ್ರ ಓದುವವರು. ಹೈಸ್ಕೂಲಿನಲ್ಲಿ ಮುಚ್ಚಿಟ್ಟ ವಿಜ್ಞಾನದ ಪುಸ್ತಕವನ್ನು ಮತ್ತೆ ತೆರೆದವರಲ್ಲ. ಬೇರೆ ವಿಭಾಗದ ಒಂದು ಪೇಪರ್ ತೆಗೆದುಕೊಳ್ಳಲೇಬೇಕು ಅನ್ನೋ ನಿಯಮ ಇರೋದರಿಂದ ನನ್ನ 'ಶಕ್ತಿ ಮತ್ತು ಹವಾಗುಣ' ಪೇಪರಿಗೆ ಬಂದು ಕೂತಿರುತ್ತಾರೆ. ಕೆಲವರಿಗೆ ನಿಜಕ್ಕೂ ಆಸಕ್ತಿ. ಜಾಸ್ತಿ ಜನಕ್ಕೆ ಟೈಮ್‌ಟೇಬಲ್ ಹೊಂದಿತು, ಅಷ್ಟೇ. ಅದಕ್ಕೆ ನನಗೇನೂ ಬೇಜಾರಿಲ್ಲ.

ಮೊದಲ ವರ್ಷ ನಾನು "ಇಲ್ಲ, ಲೆಕ್ಕ ಇರಲ್ಲ" ಅಂದುಬಿಟ್ಟೆ. ಇಡೀ ಕ್ಲಾಸು ಉಸಿರು ಬಿಟ್ಟಿತು. ಆ ವರ್ಷವೆಲ್ಲ ಚಿತ್ರ ತೋರಿಸಿದೆ, ಕಥೆ ಹೇಳಿದೆ. ಕರಗುವ ಹಿಮ, ಒಡೆದ ನೆಲ, ಹೊಗೆ ಕಾರುವ ಚಿಮಣಿ. ಹುಡುಗರು ಗಮನವಿಟ್ಟು ಕೇಳಿದರು. ಎಲ್ಲದಕ್ಕೂ ತಲೆದೂಗಿದರು. ಒಬ್ಬಳಂತೂ ಕೊನೆಯ ದಿನ ಬಂದು, ಇಷ್ಟು ಒಳ್ಳೆ ಕ್ಲಾಸು ನಾನು ಕೇಳಿಯೇ ಇರಲಿಲ್ಲ ಅಂದಳು. ನಾನೂ ಉಬ್ಬಿದೆ.

ಆಮೇಲೆ ಉತ್ತರ ಪತ್ರಿಕೆಗಳು ಬಂದವು.

'ಭೂಮಿ ಯಾಕೆ ಬಿಸಿಯಾಗುತ್ತಿದೆ?' ಅಂತ ಒಂದು ಪ್ರಶ್ನೆ ಕೊಟ್ಟಿದ್ದೆ. ಅರ್ಧಕ್ಕಿಂತ ಜಾಸ್ತಿ ಜನ ಬರೆದದ್ದು ಹೀಗೆ: ಓಝೋನ್ ಪದರದಲ್ಲಿ ತೂತಾಗಿದೆ, ಆ ತೂತಿನಿಂದ ಬಿಸಿಲು ಜಾಸ್ತಿ ಒಳಗೆ ಬರುತ್ತಿದೆ, ಅದಕ್ಕೇ ಬಿಸಿ. ನಾನು ಇಡೀ ವರ್ಷ ಓಝೋನಿನ ಮಾತೇ ಎತ್ತಿರಲಿಲ್ಲ. ಅದು ಬೇರೆಯೇ ತೊಂದರೆ, ಬೇರೆ ಅನಿಲಗಳಿಂದ ಆದದ್ದು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ನಿಧಾನವಾಗಿ ಸುಧಾರಿಸುತ್ತಾ ಇದೆ ಕೂಡ. ಇವರ ತಲೆಯಲ್ಲಿ ಮಾತ್ರ ಎರಡೂ ಒಂದೇ ಗಂಟಾಗಿ ಕೂತಿದ್ದವು, ನನ್ನ ಪಾಠ ಆ ಗಂಟನ್ನು ಮುಟ್ಟಿರಲೇ ಇಲ್ಲ. ಇನ್ನೊಂದು ಪ್ರಶ್ನೆ, ನಾವೇನು ಮಾಡಬಹುದು ಅಂತ. 'ಫೋನ್ ಚಾರ್ಜರ್ ಸ್ವಿಚ್ ಆಫ್ ಮಾಡಬೇಕು' ಅಂತ ಬರೆಯದವರು ಕಡಿಮೆ. ವಿಮಾನ, ಕಲ್ಲಿದ್ದಲು, ಸಿಮೆಂಟು, ಎಲ್ಲದಕ್ಕೂ ಚಾರ್ಜರಿನಷ್ಟೇ ಜಾಗ. ಎಲ್ಲಾ ಒಂದೇ ತೂಕ.

ಎಲ್ಲರೂ ಒಪ್ಪಿದ್ದರು. ಯಾರಿಗೂ ಅರ್ಥ ಆಗಿರಲಿಲ್ಲ. ನಾನು ಏನೇ ಹೇಳಿದ್ದರೂ ಹಾಗೇ ಒಪ್ಪಿಕೊಳ್ಳುತ್ತಿದ್ದರು ಅನ್ನೋದು ಹೊಳೆದಾಗ ಸ್ವಲ್ಪ ಭಯವೇ ಆಯಿತು. ನಾಳೆ ಯಾರಾದರೂ ಬಂದು ಇದೆಲ್ಲ ಸುಳ್ಳು ಅಂತ ಇನ್ನೂ ಚಂದದ ಚಿತ್ರ ತೋರಿಸಿದರೆ ಅದನ್ನೂ ಒಪ್ಪಿಕೊಳ್ಳುತ್ತಾರೆ, ಅಲ್ವಾ?

ಮುಂದಿನ ವರ್ಷ ಅದೇ ಪ್ರಶ್ನೆ ಬಂದಾಗ "ಇರುತ್ತೆ" ಅಂದೆ. "ಗುಣಾಕಾರ, ಭಾಗಾಕಾರ. ಅದಕ್ಕಿಂತ ಜಾಸ್ತಿ ಇಲ್ಲ. ಆದರೆ ದಿನಾ ಇರುತ್ತೆ." ಇಬ್ಬರು ಎದ್ದು ಬೇರೆ ಪೇಪರಿಗೆ ಹೋದರು. ಉಳಿದವರನ್ನು ಕರೆದುಕೊಂಡು ಮೆಟ್ಟಿಲ ಹತ್ತಿರ ಹೋದೆ.

ನಾನು ಮಾಡಿಸುವ ಎಲ್ಲ ಪಾಠಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಮೆಟ್ಟಿಲ ಪಾಠ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಲ್ಕು ಮಹಡಿಯ ಕಟ್ಟಡ. ಒಂದೊಂದು ಮಹಡಿ ಸುಮಾರು 3 ಮೀಟರ್. ಯಾರಾದರೂ ಒಬ್ಬರು ಕೆಳಗಿನಿಂದ ಮೇಲಿನವರೆಗೆ ಓಡಬೇಕು, ಇನ್ನೊಬ್ಬರು ಫೋನಿನಲ್ಲಿ ಟೈಮ್ ನೋಡಬೇಕು. ಓಡೋಕೆ ಯಾವಾಗಲೂ ಒಬ್ಬ ಉತ್ಸಾಹಿ ಸಿಗುತ್ತಾನೆ. ಆ ಸಲ ಸಿಕ್ಕವನು ಇತಿಹಾಸದ ಹುಡುಗ. ತೂಕ 60 ಕಿಲೋ. ಒಂದು ಸಲಕ್ಕೆ ಎರಡೆರಡು ಮೆಟ್ಟಿಲು ಹಾರಿಕೊಂಡು 24 ಸೆಕೆಂಡಿನಲ್ಲಿ ಮೇಲೆ ಮುಟ್ಟಿದ. ನಾವು ಉಳಿದವರು ಸಾವಕಾಶವಾಗಿ ಹತ್ತಿಕೊಂಡು ಹೋಗುವಷ್ಟರಲ್ಲಿ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತಿದ್ದ. ಹಣೆಯೆಲ್ಲ ಬೆವರು.

ಅಲ್ಲೇ, ಮೇಲಿನ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡಿದೆವು. ತೂಕ 60, ಅದಕ್ಕೆ ಭೂಮಿಯ ಸೆಳೆತದ 10, ಎತ್ತರ 12 ಮೀಟರ್. ಗುಣಿಸಿದರೆ 7,200 ಜೌಲ್. ಜೌಲ್ ಅಂದರೆ ಶಕ್ತಿಯನ್ನು ಅಳೆಯುವ ಮಾನ. ಅದನ್ನು 24 ಸೆಕೆಂಡಿಗೆ ಹಂಚಿದರೆ 300 ವ್ಯಾಟ್. "ಅಂದರೆ ನಾನು ಐದು ಬಲ್ಬಾ?" ಅಂತ ಕೇಳಿದ. ಹಳೇ 60 ವ್ಯಾಟಿನ ಬಲ್ಬು ಆದರೆ ಹೌದು, ಐದು. ಈಗಿನ 9 ವ್ಯಾಟಿನ ಎಲ್‌ಇಡಿ ಆದರೆ ಮೂವತ್ತಮೂರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಮಹಡಿ ಹತ್ತಿದರೆ 1,800 ಜೌಲ್, ಅಷ್ಟರಲ್ಲಿ ಒಂದು ಎಲ್‌ಇಡಿ ಬಲ್ಬು 200 ಸೆಕೆಂಡ್ ಉರಿಯುತ್ತದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡು. ಇಲ್ಲಿಯವರೆಗೆ ಅವನ ಮುಖದಲ್ಲಿ ಹೆಮ್ಮೆ.

ಆಮೇಲೆ ಕೇಳಿದೆ: ಕರೆಂಟ್ ಬಿಲ್ಲಿನಲ್ಲಿ ಒಂದು ಯೂನಿಟ್ ಅಂತ ಬರೆದಿರುತ್ತೆ, ಅಲ್ವಾ? ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. ಅಷ್ಟು ಕೆಲಸ ಆಗಬೇಕಾದರೆ ನೀನು ಎಷ್ಟು ಮಹಡಿ ಹತ್ತಬೇಕು?

ಭಾಗಿಸಿದ. ಫೋನ್ ನೋಡಿದ. ಮತ್ತೆ ಭಾಗಿಸಿದ. "ಎರಡು ಸಾವಿರ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾಲ್ಕು ಮಹಡಿಗೇ ಬೆವರು ಹರಿಸಿದವನು ಎದುರಿಗೇ ನಿಂತಿದ್ದನಲ್ಲ. ಒಂದು ಯೂನಿಟ್ಟಿಗೆ ಅವನು ಅಂಥ ಓಟವನ್ನು 500 ಸಲ ಓಡಬೇಕು. ಹಾಗಾದರೆ ಒಂದು ಲೀಟರ್ ನೀರು ಕಾಯಿಸೋದಕ್ಕೆ? 25 ಡಿಗ್ರಿಯ ನೀರು ಕುದಿಯುವ ಮಟ್ಟಕ್ಕೆ ಬರಬೇಕಾದರೆ 3 ಲಕ್ಷದ 15 ಸಾವಿರ ಜೌಲ್ ಬೇಕು. 175 ಮಹಡಿ. ಕೆಟಲ್ಲಿನ ಬಟನ್ ಒತ್ತಿ ನಾವು ಮೂರು ನಿಮಿಷ ಫೋನ್ ನೋಡ್ತಾ ನಿಲ್ತೀವಲ್ಲ, ಅದು. (ಮೈ ಖರ್ಚು ಮಾಡುವ ಶಕ್ತಿ ಇದರ ನಾಲ್ಕು ಪಟ್ಟು ಹತ್ತಿರ ಇರುತ್ತದೆ, ಉಳಿದದ್ದೆಲ್ಲ ಬೆವರಾಗಿ ಬಿಸಿಯಾಗಿ ಹೋಗುತ್ತದೆ. ಆ ಲೆಕ್ಕವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತೇನೆ, ಒಂದೇ ದಿನ ಎಲ್ಲಾ ಸುರಿಯಬಾರದು.)

ಆ ಹುಡುಗ ಇಳಿಯುವಾಗ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಮೇಡಂ, ಹಿಂದಿನ ಕಾಲದಲ್ಲಿ ಗುಲಾಮರನ್ನ ಯಾಕೆ ಇಟ್ಕೋತಿದ್ರು ಅಂತ ನಾವು ಓದ್ತೀವಿ. ಆದರೆ ಕೆಲಸ ಅಂದ್ರೆ ಎಷ್ಟು ಅಂತ ಯಾರೂ ಲೆಕ್ಕ ಹೇಳಲ್ಲ." ಒಬ್ಬ ಗಟ್ಟಿ ಆಳು ದಿನವಿಡೀ ದುಡಿದರೆ ಹೊರಬರುವ ಕೆಲಸ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಒಂಬತ್ತು ಯೂನಿಟ್ಟಿಗಿಂತ ಜಾಸ್ತಿ ಶಕ್ತಿ ಇದೆ. ಕಳೆದ ಇನ್ನೂರು ವರ್ಷದ ಚರಿತ್ರೆಯನ್ನು ಆ ಎರಡು ಸಂಖ್ಯೆಗಳ ನಡುವೆ ಇಟ್ಟು ನೋಡಬಹುದು ಅಂತ ನನಗೆ ತೋಚಿದ್ದು ಅವನ ಮಾತಿನಿಂದಲೇ. ನಾನು ಭೌತಶಾಸ್ತ್ರದವಳು. ನನಗೆ ಅದು ಸುಮ್ನೆ ಜೌಲ್ ಆಗಿತ್ತು.

ಮುಂದಿನ ತೊಡಕು ಪದಗಳದ್ದು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಶಕ್ತಿ ಅಂತೀವಿ. ನೆನಪಿನ ಶಕ್ತಿ, ಕೊಳ್ಳುವ ಶಕ್ತಿ, ಎತ್ತುವ ಶಕ್ತಿ. ಭೌತಶಾಸ್ತ್ರದಲ್ಲಿ ಶಕ್ತಿ ಬೇರೆ, ಸಾಮರ್ಥ್ಯ ಬೇರೆ, ಬಲ ಬೇರೆ. ವ್ಯಾಟ್ ಮತ್ತು ಯೂನಿಟ್ಟಿನ ಗೊಂದಲ ಇಲ್ಲಿಂದಲೇ ಶುರು. 'ದಿನಕ್ಕೆ ಇಷ್ಟು ಮೆಗಾವ್ಯಾಟ್' ಅಂತ ಬರೆದದ್ದು ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಹಲ್ಲು ಜುಮ್ಮೆನ್ನುತ್ತದೆ. ಮೆಗಾವ್ಯಾಟಿನಲ್ಲೇ 'ಸೆಕೆಂಡಿಗೆ' ಅನ್ನೋದು ಸೇರಿಕೊಂಡಿದೆ, ಮೇಲೆ 'ದಿನಕ್ಕೆ' ಯಾಕೆ? ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಅನ್ನೋದು ವ್ಯಾಟ್, ಬಕೆಟ್ಟಿನಲ್ಲಿ ಎಷ್ಟು ತುಂಬಿತು ಅನ್ನೋದು ಯೂನಿಟ್. ಹೀಗೆ ಹೇಳಿ ಮೂರು ಸಲ ಚಿತ್ರ ಬರೆದೆ. ಅರ್ಧ ಕ್ಲಾಸಿಗೆ ಇಳಿಯಲಿಲ್ಲ. ಆಗ ಹಿಂದಿನ ಬೆಂಚಿನಿಂದ ಕಾಮರ್ಸ್ ಹುಡುಗಿಯೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದ್ದು ಕೇಳಿಸಿತು. "ಅಯ್ಯೋ, ವ್ಯಾಟ್ ಅಂದ್ರೆ ಸಂಬಳ ಕಣೇ. ಯೂನಿಟ್ ಅಂದ್ರೆ ಅಕೌಂಟಲ್ಲಿರೋ ದುಡ್ಡು." ಮುಗಿಯಿತು. ಅಂದಿನಿಂದ ನಾನೂ ಅದನ್ನೇ ಹೇಳುತ್ತೇನೆ.

'ಹವಾಮಾನ' ಅಂತೂ ದೊಡ್ಡ ಉಪದ್ರವ. ಇವತ್ತು ಮಳೆ ಬರುತ್ತಾ ಅನ್ನೋದಕ್ಕೂ ಹವಾಮಾನ, ಮೂವತ್ತು ವರ್ಷದ ಸರಾಸರಿಗೂ ಹವಾಮಾನ. ಎರಡನೆಯದಕ್ಕೆ ಹವಾಗುಣ, ವಾಯುಗುಣ ಅಂತ ಪದ ಇದೆ, ಆದರೆ ಬಳಕೆಯಲ್ಲಿ ಗೆದ್ದಿರೋದು 'ಹವಾಮಾನ ಬದಲಾವಣೆ'. ಹಾಗಾಗಿ "ನಿನ್ನೆ ಚಳಿ ಇತ್ತಲ್ಲ ಮೇಡಂ, ಎಲ್ಲಿ ಬಿಸಿ?" ಅನ್ನೋ ಪ್ರಶ್ನೆ ಭಾಷೆಯೊಳಗಿಂದಲೇ ಎದ್ದು ಬರುತ್ತದೆ. ಕೇಳಿದವರ ತಪ್ಪಲ್ಲ.

ಇನ್ನು 'ಹಸಿರುಮನೆ ಪರಿಣಾಮ'. ಒಬ್ಬ ಹುಡುಗ ತುಂಬಾ ಪ್ರಾಮಾಣಿಕವಾಗಿ ಕೇಳಿದ, "ಹಸಿರು ಅಂದ್ರೆ ಒಳ್ಳೇದಲ್ವಾ ಮೇಡಂ? ಮತ್ತೆ ಹಸಿರುಮನೆ ಅನಿಲ ಯಾಕೆ ಕೆಟ್ಟದ್ದು?" ಗಿಡ ಬೆಳೆಸೋ ಗಾಜಿನ ಮನೆಯನ್ನು ಅವನು ನೋಡೇ ಇರಲಿಲ್ಲ. ನೋಡಿದ್ದರೂ ಉಪಯೋಗ ಅಷ್ಟಕ್ಕಷ್ಟೇ. ಗಾಜಿನ ಮನೆ ಬೆಚ್ಚಗಿರೋದು ಮುಖ್ಯವಾಗಿ ಬಿಸಿಗಾಳಿ ಮೇಲೆದ್ದು ಹೋಗದ ಹಾಗೆ ತಡೆಯೋದರಿಂದ, ವಾತಾವರಣದ ವಿಷಯ ಅದಲ್ಲ. ನಾನು ಈಗ ಕಂಬಳಿ ಅಂತಲೇ ಹೇಳುತ್ತೇನೆ. ಕಂಬಳಿ ಬಿಸಿಯನ್ನು ಹುಟ್ಟಿಸಲ್ಲ, ಮೈಯ ಬಿಸಿ ಹೊರಗೆ ಹೋಗೋದನ್ನ ನಿಧಾನ ಮಾಡುತ್ತದೆ. ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ. ಕಂಬಳಿ ಬೇಕೇ ಬೇಕು. ಅದರ ಮೇಲೆ ಇನ್ನೊಂದು ಹೊದಿಸುತ್ತಿರೋದೇ ತೊಂದರೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು.

ಶಾಲೆಗಳಲ್ಲಿ ತುಂಬಾ ಮಾಡಿಸುವ ಪ್ರಯೋಗ ಒಂದಿದೆ. ಎರಡು ಬಾಟಲಿ, ಎರಡರಲ್ಲೂ ಥರ್ಮಾಮೀಟರ್. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಬರಿಸಿದ ಕಾರ್ಬನ್ ಡೈಆಕ್ಸೈಡ್. ಎದುರಿಗೆ ಬಿಸಿ ದೀಪ. ಸ್ವಲ್ಪ ಹೊತ್ತಿಗೆ ಎರಡನೇ ಬಾಟಲಿ ಜಾಸ್ತಿ ಬಿಸಿಯಾಗುತ್ತದೆ. "ನೋಡಿದ್ರಾ?" ಅಂತ ನಾನು ಗೆದ್ದವಳ ಹಾಗೆ ಹೇಳುತ್ತಿದ್ದೆ. ಎಷ್ಟೋ ವರ್ಷ ಹೇಳಿದೆ. ಆಮೇಲೆ 2010ರಲ್ಲಿ ಭೌತಶಾಸ್ತ್ರದ ಬೋಧನಾ ಪತ್ರಿಕೆಯೊಂದರಲ್ಲಿ ಬಂದ ಒಂದು ಲೇಖನ, ತಡವಾಗಿ, ನನ್ನ ಕೈಗೆ ಸಿಕ್ಕಿತು. ಅವರು ಇಂಥದೇ ಪ್ರಯೋಗವನ್ನು ಆರ್ಗಾನ್ ಅನಿಲ ಹಾಕಿ ಮಾಡಿದ್ದರು. ಆರ್ಗಾನ್ ಹಸಿರುಮನೆ ಅನಿಲವೇ ಅಲ್ಲ. ಆದರೂ ಹಾಗೇ ಬಿಸಿಯಾಯಿತು! ಕಾರ್ಬನ್ ಡೈಆಕ್ಸೈಡ್ ಮತ್ತು ಆರ್ಗಾನ್ ಎರಡೂ ಗಾಳಿಗಿಂತ ಭಾರ. ಭಾರದ ಅನಿಲ ತಳದಲ್ಲೇ ಕೂತು, ಹೊರಗಿನ ಗಾಳಿಯ ಜೊತೆ ಸುಲಭವಾಗಿ ಬೆರೆಯಲ್ಲ. ಅದಕ್ಕೇ ಬಿಸಿ ಉಳಿಯುತ್ತದೆ. ನಾನು ತೋರಿಸುತ್ತಿದ್ದದ್ದು ಕಂಬಳಿಯನ್ನಲ್ಲ, ಅನಿಲದ ಭಾರವನ್ನು. ಉತ್ತರ ಸರಿ, ಕಾರಣ ತಪ್ಪು.

ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದೆ. ಆ ಪ್ರಯೋಗವನ್ನು ಬಿಟ್ಟುಬಿಡೋಣ ಅಂದುಕೊಂಡೆ. ಕೊನೆಗೆ ಬಿಡಲಿಲ್ಲ. ಈಗಲೂ ಮಾಡಿಸುತ್ತೇನೆ, ಎಲ್ಲರೂ ಒಪ್ಪಿಕೊಂಡ ಮೇಲೆ ಆರ್ಗಾನಿನ ಕಥೆ ಹೇಳುತ್ತೇನೆ. ಕ್ಲಾಸಿನಲ್ಲಿ ಒಂದು ಥರಾ ಗುಜುಗುಜು ಏಳುತ್ತದೆ. "ಹಾಗಾದ್ರೆ ಇದೆಲ್ಲ ಸುಳ್ಳಾ?" ಅಂತ ಒಬ್ಬರಾದರೂ ಕೇಳಲೇಬೇಕು. ಆ ಪ್ರಶ್ನೆಗಾಗಿಯೇ ನಾನು ಕಾಯುವುದು.

ಯಾಕೆಂದರೆ ಇತಿಹಾಸದಲ್ಲೂ ಹೀಗೇ ಆಗಿದೆ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎರಡು ಗಾಜಿನ ಕೊಳವೆ, ಥರ್ಮಾಮೀಟರುಗಳು ಮತ್ತು ಒಂದು ಗಾಳಿ ಪಂಪ್ ಇಟ್ಟುಕೊಂಡು ಪ್ರಯೋಗ ಮಾಡಿದಳು. ಬಿಸಿಲಿಗಿಟ್ಟಾಗ ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಜಾಸ್ತಿ ಬಿಸಿಯಾಯಿತು, ತಣ್ಣಗಾಗೋಕೆ ಎಷ್ಟೋ ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಜಾಸ್ತಿ ಇದ್ದರೆ ಭೂಮಿ ಬಿಸಿಯಾಗಿರುತ್ತದೆ ಅಂತ ಬರೆದಳು. 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಘೋಷಣೆಗೆ ಸಹಿ ಹಾಕಿದವಳು ಈಕೆ. ಅವಳ ಪ್ರಬಂಧವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಿದ್ದು ಮಾತ್ರ ಜೋಸೆಫ್ ಹೆನ್ರಿ ಅನ್ನೋ ಗಂಡಸು. ಆಮೇಲೆ ಮರೆತೇ ಹೋಯಿತು. 2011ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರು ಒಬ್ಬ ನಿವೃತ್ತ ಪೆಟ್ರೋಲಿಯಂ ಭೂವಿಜ್ಞಾನಿ ಅನ್ನೋದು ನನಗೆ ಯಾವಾಗಲೂ ನಗು ತರಿಸುವ ಸಂಗತಿ. ಇಷ್ಟೆಲ್ಲ ಇದ್ದರೂ ಅವಳ ಪ್ರಯೋಗದಿಂದ ಕಂಬಳಿಯ ಗುಟ್ಟು ಗೊತ್ತಾಗುವಂತಿರಲಿಲ್ಲ. ಭೂಮಿ ಹೊರಸೂಸುವ ಶಾಖದ ಕಿರಣಗಳನ್ನು ಗಾಜೇ ತಡೆದುಬಿಡುತ್ತದೆ.

ಗಾಜು ತಡೆಯುತ್ತೆ ಅಂದರೆ ಯಾರೂ ನಂಬಲ್ಲ. ಗಾಜಿನಲ್ಲಿ ಎಲ್ಲಾ ಕಾಣುತ್ತಲ್ಲ! ಅದಕ್ಕೆ ನನ್ನ ಹತ್ತಿರ ಫೋನಿಗೆ ಸಿಕ್ಕಿಸುವ ಒಂದು ಥರ್ಮಲ್ ಕ್ಯಾಮೆರಾ ಇದೆ. ಅದರಲ್ಲಿ ಬಿಸಿ ಇದ್ದದ್ದು ಹಳದಿ, ತಣ್ಣಗಿದ್ದದ್ದು ನೀಲಿ. ಕ್ಲಾಸಿನ ಕಡೆ ತಿರುಗಿಸಿ ಪರದೆ ಮೇಲೆ ಹಾಕಿದರೆ ಮೊದಲು ಎಲ್ಲರೂ ತಮ್ಮ ತಮ್ಮ ಮುಖ ಹುಡುಕುತ್ತಾರೆ. ಆಮೇಲೆ ಯಾರೋ ಒಬ್ಬರು ಕಿರುಚುತ್ತಾರೆ. ಕನ್ನಡಕ ಹಾಕಿದವರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡ ಹಾಗೆ ಕಾಣುತ್ತಾರೆ! ಹಳದಿ ಮುಖ, ಕಣ್ಣಿನ ಜಾಗದಲ್ಲಿ ಎರಡು ಗಾಢ ಚೌಕ. ಮುಖದಿಂದ ಬರುವ ಶಾಖ ಕನ್ನಡಕದ ಗಾಜನ್ನು ದಾಟಿಲ್ಲ. ಇದರ ಉಲ್ಟಾ, ಕಸ ತುಂಬುವ ತೆಳು ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿದರೆ ನಮ್ಮ ಕಣ್ಣಿಗೆ ಏನೂ ಕಾಣಲ್ಲ, ಕ್ಯಾಮೆರಾಗೆ ಐದೂ ಬೆರಳು ಸ್ಪಷ್ಟ. ಸೂರ್ಯನ ಬೆಳಕಿಗೆ ಬಾಗಿಲು ತೆರೆದು, ಭೂಮಿಯ ಶಾಖಕ್ಕೆ ಬಾಗಿಲು ಹಾಕೋದು ಹೇಗೆ ಸಾಧ್ಯ ಅಂತ ಆಮೇಲೆ ಯಾರೂ ಕೇಳಲ್ಲ. ಈ ಕ್ಯಾಮೆರಾದಲ್ಲಿ ಕಾರ್ಬನ್ ಡೈಆಕ್ಸೈಡ್ ಕಾಣಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಟಲಿಯ ತಪ್ಪನ್ನು ಮತ್ತೆ ಮಾಡಬಾರದಲ್ಲ.

1859ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಇದೇ ಕೆಲಸಕ್ಕೆ ಕೈ ಹಾಕಿದಾಗ ತನ್ನ ಕೊಳವೆಯ ಎರಡೂ ತುದಿಗೆ ಗಾಜಿನ ಬದಲು ಕಲ್ಲುಪ್ಪಿನ ಹಲಗೆ ಕೂರಿಸಿದ. ಉಪ್ಪು ಶಾಖದ ಕಿರಣವನ್ನು ದಾಟಿಸುತ್ತದೆ. ಗಾಳಿಯ ಶೇಕಡಾ 99ರಷ್ಟಿರುವ ಸಾರಜನಕ, ಆಮ್ಲಜನಕ ಆ ಶಾಖವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಬಿಡುತ್ತವೆ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಳ್ಳುತ್ತವೆ ಅಂತ ಅಳೆದು ತೋರಿಸಿದ. ಬರೀ ಶೇಕಡಾ 0.04 ಇರೋ ಅನಿಲ ಇಷ್ಟೆಲ್ಲ ಮಾಡುತ್ತಾ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಗೇಟಿನಲ್ಲಿ ನೂರು ಜನ ನಿಂತಿದ್ದರೂ ತೊಂಬತ್ತೊಂಬತ್ತು ಜನ ಯಾರನ್ನೂ ತಡೆಯದಿದ್ದರೆ, ಲೆಕ್ಕಕ್ಕೆ ಬರೋದು ತಡೆಯುವವನೇ ತಾನೇ?

ಸಾಹಿತ್ಯದ ಹುಡುಗಿಯೊಬ್ಬಳು ಈ ಭಾಗ ಮುಗಿದ ಮೇಲೆ ಕೇಳಿದಳು: "ಹಾಗಾದ್ರೆ ಫುಟ್ ಸರಿಯಾ, ತಪ್ಪಾ?" ನಾನು ಉತ್ತರ ಹೇಳಲಿಲ್ಲ. ಎರಡು ಪುಟ ಬರೆದುಕೊಂಡು ಬಾ ಅಂದೆ. ಆರು ಪುಟ ತಂದಳು.

ಪೆಟ್ರೋಲಿನ ಲೆಕ್ಕ ಚಿಕ್ಕದು, ಆದರೆ ಬಿಡೋಕೆ ಮನಸ್ಸಿಲ್ಲ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ. ಉರಿಸಿದರೆ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. "ಆಗಲ್ಲ" ಅಂತಾರೆ ಎಲ್ಲರೂ, ಒಂದೇ ದನಿಯಲ್ಲಿ. ಹಾಕಿದ್ದಕ್ಕಿಂತ ಮೂರು ಪಟ್ಟು ಹೊರಗೆ ಬರೋದು ಹೇಗೆ? ನನಗೆ ಈ 'ಆಗಲ್ಲ' ಕೇಳೋದೇ ಖುಷಿ. ತಲೆದೂಗೋದಕ್ಕಿಂತ ಎಷ್ಟೋ ವಾಸಿ. ಉಳಿದ ತೂಕ ಗಾಳಿಯಿಂದ ಬಂದದ್ದು. 12 ತೂಕದ ಒಂದು ಕಾರ್ಬನ್ ಪರಮಾಣು 16 ತೂಕದ ಎರಡು ಆಮ್ಲಜನಕವನ್ನು ಹಿಡಿದುಕೊಂಡು 44 ಆಗಿ ಹೊರಗೆ ಹೋಗುತ್ತದೆ. ಕಸ ಕಣ್ಣಿಗೆ ಕಾಣಲ್ಲ, ಅದಕ್ಕೇ ಹಗುರ ಅಂದುಕೊಂಡಿದ್ದೇವೆ.

ಚಾರ್ಜರ್ ವಿಷಯವನ್ನೂ ಅವರ ಕೈಯಲ್ಲೇ ಲೆಕ್ಕ ಹಾಕಿಸಿದೆ. ಫೋನ್ ಬ್ಯಾಟರಿಯಲ್ಲಿ ಹಿಡಿಯೋದು ಸುಮಾರು 15 ವ್ಯಾಟ್-ಗಂಟೆ. ನಷ್ಟ ಗಿಷ್ಟ ಸೇರಿಸಿ 20 ಅಂತಿಟ್ಟುಕೊಳ್ಳಿ. ದಿನಾ ಪೂರ್ತಿ ಚಾರ್ಜ್ ಮಾಡಿದರೂ ಇಡೀ ವರ್ಷಕ್ಕೆ 7 ಯೂನಿಟ್ ಚಿಲ್ಲರೆ. 1.5 ಕಿಲೋವ್ಯಾಟಿನ ಎಸಿ ಐದು ಗಂಟೆ ಬಿಡದೆ ಓಡಿದರೆ ಏಳೂವರೆ. ವರ್ಷದ ಫೋನು, ಒಂದು ರಾತ್ರಿಯ ಎಸಿ. ಇಷ್ಟು ದಿನ ಚಾರ್ಜರ್ ತೆಗೆಯದ ಅಣ್ಣನನ್ನು ಬೈದುಕೊಂಡು ಬಂದ ಹುಡುಗಿಯೊಬ್ಬಳು, "ಅವನಿಗೆ ಸಾರಿ ಕೇಳಬೇಕಾ?" ಅಂದಳು. ಬೇಡ, ಎಸಿಗೆ ಬೈ ಅಂದೆ.

ಬಕೆಟ್ಟಿನ ಪಾಠಕ್ಕೆ ಬರುವಾಗ ನನಗೆ ಸ್ವಲ್ಪ ಹೆದರಿಕೆ ಇತ್ತು. 2007ರಲ್ಲಿ ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳೇ, ಬಹುಪಾಲು ಜನ, ಇದರಲ್ಲಿ ಎಡವಿದ್ದರು. ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಏರೋದು ನಿಂತರೆ ಗಾಳಿಯಲ್ಲಿ ಅದರ ಪ್ರಮಾಣ ಏರೋದೂ ನಿಲ್ಲುತ್ತದೆ ಅಂತ ಅಂದುಕೊಂಡಿದ್ದರು. ನಿಲ್ಲಲ್ಲ. ನಲ್ಲಿ ಅಷ್ಟೇ ಜೋರಾಗಿ ಬರುತ್ತಿದ್ದು, ಬಕೆಟ್ಟಿನ ತೂತು ಚಿಕ್ಕದಿದ್ದರೆ ನೀರು ಏರ್ತಾನೇ ಇರುತ್ತದೆ. ನಾವು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಬಿಡುತ್ತೇವೆ, ಸಮುದ್ರ ಮತ್ತು ಕಾಡುಗಳು ಅದರಲ್ಲಿ ಅರ್ಧದಷ್ಟನ್ನು ಹೀರಿಕೊಳ್ಳುತ್ತವೆ. ಉಳಿದದ್ದು ಮೇಲೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಭಾಗದಲ್ಲಿ 315ರ ಆಸುಪಾಸು ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280.

ಎಂಐಟಿಯವರೇ ಎಡವಿದ್ದಾರೆ, ಇವರ ಕಥೆ ಏನೋ ಅಂದುಕೊಂಡಿದ್ದೆ. ಅರ್ಥಶಾಸ್ತ್ರ, ಕಾಮರ್ಸ್‌ನವರು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ಇದು ಬಜೆಟ್ ಕೊರತೆ ಮತ್ತು ಸಾಲ ಮೇಡಂ. ಕೊರತೆ ಕಮ್ಮಿಯಾದ್ರೂ ಸಾಲ ಏರ್ತಾನೇ ಇರುತ್ತೆ." ಅದೇ ಸಂಬಳ-ಅಕೌಂಟಿನ ಮಾತು ಮತ್ತೆ. ಲೆಕ್ಕ ಬರಲ್ಲ ಅಂತ ಹೆದರಿ ಬಂದವರು ಇವರು. ಲೆಕ್ಕ ಬರುತ್ತಿತ್ತು, ಅದಕ್ಕೆ ಬೇರೆ ಹೆಸರಿತ್ತು ಅಷ್ಟೇ.

ಇನ್ನೊಂದು ದಿನ ಅರ್ಥಶಾಸ್ತ್ರದವನು ನನ್ನನ್ನೇ ಕೆಡವಿದ. ಎಲ್‌ಇಡಿ ಬಂದದ್ದರಿಂದ ಎಷ್ಟು ಉಳಿತಾಯ ಅಂತ ಹುರುಪಿನಿಂದ ಹೇಳುತ್ತಿದ್ದೆ. ಕೈ ಎತ್ತಿ ಜೆವೊನ್ಸ್ ಹೆಸರು ಹೇಳಿದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಜಾಸ್ತಿ ಕೆಲಸ ಮಾಡುತ್ತಾ ಹೋದ ಹಾಗೆ ಕಲ್ಲಿದ್ದಲಿನ ಖರ್ಚು ಇಳಿಯಲಿಲ್ಲ, ಏರಿತು ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಬರೆದಿದ್ದಾನೆ. ಅಗ್ಗವಾದದ್ದನ್ನು ಜನ ಜಾಸ್ತಿ ಬಳಸುತ್ತಾರೆ. ಎಲ್‌ಇಡಿಯಲ್ಲೂ ಪೂರ್ತಿ ಹಾಗೇ ಆಗುತ್ತಾ ಅಂತ ಇಡೀ ಗಂಟೆ ಜಗಳ ನಡೆಯಿತು. ಆವತ್ತಿನ ಪಾಠ ಹಾಗೇ ಉಳಿಯಿತು. ಕಾನೂನಿನವರ ಪ್ರಶ್ನೆ ಇನ್ನೂ ಕಷ್ಟದ್ದು. ಈವರೆಗೆ ಉರಿಸಿದ ಇಂಧನದ ಕಾರ್ಬನ್ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದೇ. ತೂತು ಬಕೆಟ್ಟಿಗೆ ನೀರು ಸುರಿದವರ ಪಟ್ಟಿ ಇದೆ ಅಂದಮೇಲೆ ಹೊಣೆ ಯಾರದು? ಭೌತಶಾಸ್ತ್ರದಲ್ಲಿ ಅದಕ್ಕೆ ಸೂತ್ರ ಇಲ್ಲ. ನಾನು ಸುಮ್ಮನೆ ಕೂತು ಅವರ ವಾದ ಕೇಳುತ್ತೇನೆ.

ಒಂದು ಡಿಗ್ರಿ ಅಂದರೆ ಏನು ಮಹಾ ಅನ್ನೋದಕ್ಕೆ ಜಾಸ್ತಿ ಮಾತು ಖರ್ಚು ಮಾಡಲ್ಲ. ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಭೂಮಿಯ ಸರಾಸರಿ ಕಡಿಮೆ ಇದ್ದದ್ದು ಐದಾರು ಡಿಗ್ರಿ ಮಾತ್ರ. ಆಗ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ನಮ್ಮ ಕಟ್ಟಡದ ಲೆಕ್ಕದಲ್ಲಿ ನಲವತ್ತು ಮಹಡಿ. ಇಷ್ಟು ಹೇಳಿ ನಿಲ್ಲಿಸುತ್ತೇನೆ.

ಇದರ ಮುಂದಿನ ಕ್ಲಾಸಿನಲ್ಲಿ ಯಾವಾಗಲೂ ಒಂದು ಮೌನ ಇರುತ್ತದೆ. ಒಬ್ಬಳು ಎದ್ದು ನಿಂತು, "ಹಾಗಾದ್ರೆ ಮುಗೀತಾ ಮೇಡಂ?" ಅಂತ ಕೇಳಿದ್ದಳು. ತಮಾಷೆಗೆ ಕೇಳಿದ್ದಲ್ಲ. ಮೊದಲ ವರ್ಷವಾಗಿದ್ದರೆ ಧೈರ್ಯದ ನಾಲ್ಕು ಮಾತು ಹೇಳಿ ಕೂರಿಸುತ್ತಿದ್ದೆ. ಈ ಸಲ ಇನ್ನೊಂದು ಲೆಕ್ಕ ಕೊಟ್ಟೆ. ಹವಾಗುಣ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಳಿ ಐಪಿಸಿಸಿಯ 2021ರ ವರದಿಯ ಪ್ರಕಾರ ಒಂದು ಲಕ್ಷ ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಭೂಮಿ ಸುಮಾರು 0.45 ಡಿಗ್ರಿ ಬಿಸಿಯಾಗುತ್ತದೆ. ಈಗಿನ ವೇಗದಲ್ಲಿ ಅಷ್ಟು ಬಿಡಲು ಎಷ್ಟು ವರ್ಷ? ಭಾಗಿಸಿದಳು. "ಇಪ್ಪತ್ತೈದು." ವೇಗ ಅರ್ಧ ಆದರೆ? "ಐವತ್ತು." ಪೂರ್ತಿ ನಿಂತರೆ? ಬಿಸಿ ಏರೋದು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ ಅಂತ ಅದೇ ವರದಿ ಹೇಳುತ್ತದೆ. ಕೆಳಗೆ ಇಳಿಯಲ್ಲ, ಆದರೆ ಮೇಲೆ ಹೋಗೋದು ನಿಲ್ಲುತ್ತದೆ. ಅವಳು ಸ್ವಲ್ಪ ಹೊತ್ತು ಕಾಗದ ನೋಡುತ್ತಾ ನಿಂತಿದ್ದಳು. "ಅಂದ್ರೆ ಇದು ಬಾಗಿಲು ಮುಚ್ಚೋ ಥರ ಅಲ್ಲ. ಮೀಟರ್ ಓಡೋ ಥರ." ಹೌದು ಅಂದೆ. ಕೂತಳು. ಸಮಾಧಾನ ಆಯ್ತೋ ಇಲ್ವೋ ಗೊತ್ತಿಲ್ಲ, ಮುಖದಲ್ಲಿದ್ದ ಆ ಕತ್ತಲೆ ಮಾತ್ರ ಸ್ವಲ್ಪ ಸರಿದಿತ್ತು.

ಈ ಸಲದ ಪರೀಕ್ಷೆಗೆ ಒಂದು ಪ್ರಶ್ನೆ ಹೀಗೆ ಕೊಟ್ಟೆ: 'ನೀವು ಕೂತಿರುವ ಈ ಹಾಲ್‌ನ ದೀಪ, ಫ್ಯಾನುಗಳನ್ನು ಸೈಕಲ್ ತುಳಿದು ಓಡಿಸಬೇಕು. ಒಬ್ಬರು ಒಂದು ಗಂಟೆ ಬಿಡದೆ ತುಳಿದರೆ 80 ವ್ಯಾಟ್ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಎಷ್ಟು ಜನ ಬೇಕು?' ದೀಪ, ಫ್ಯಾನು ಎಷ್ಟಿವೆ ಅಂತ ಅವರೇ ತಲೆ ಎತ್ತಿ ಎಣಿಸಿಕೊಳ್ಳಬೇಕು. ಪರೀಕ್ಷೆ ನಡೆಯುವಾಗ ಬಾಗಿಲಲ್ಲಿ ನಿಂತು ನೋಡಿದೆ. ಅರವತ್ತು ಜನ ಚಾವಣಿ ನೋಡುತ್ತಾ ಬೆರಳು ಮಡಿಸುತ್ತಿದ್ದರು. ಮೇಲ್ವಿಚಾರಣೆಗೆ ಬಂದಿದ್ದವರು ಗಾಬರಿಯಾಗಿ ತಾವೂ ಚಾವಣಿ ನೋಡಿದರು.

ಒಬ್ಬ ಹುಡುಗನ ಉತ್ತರ ನನ್ನ ಹತ್ತಿರ ಇನ್ನೂ ಇದೆ. ಮೊದಲು '200 ಜನ' ಅಂತ ಬರೆದು ಗೀಟು ಹಾಕಿದ್ದ. ಪಕ್ಕದಲ್ಲಿ: 'ಇಷ್ಟು ಜನ ಈ ಹಾಲ್‌ನಲ್ಲಿ ಹಿಡಿಯಲ್ಲ. ಎಲ್ಲೋ ಒಂದು ಸೊನ್ನೆ ಜಾಸ್ತಿ ಆಗಿದೆ.' ಕೆಳಗೆ ಮತ್ತೆ ಲೆಕ್ಕ. 20 ದೀಪ, ತಲಾ 20 ವ್ಯಾಟ್, 400. 16 ಫ್ಯಾನು, ತಲಾ 75 ವ್ಯಾಟ್, 1,200. ಒಟ್ಟು 1,600. ಭಾಗಿಸು 80. ಉತ್ತರ 20 ಜನ. ಅಲ್ಲಿಗೆ ಪೂರ್ತಿ ಅಂಕ. ಆದರೆ ಅವನು ನಿಲ್ಲಿಸಿರಲಿಲ್ಲ.

'ಪರೀಕ್ಷೆ ಮೂರು ಗಂಟೆ. ನಾವು 60 ಜನ. ಗಂಟೆಗೆ 20 ಜನರಂತೆ ಸರದಿ ಹಾಕಿದರೆ ಒಬ್ಬೊಬ್ಬರಿಗೂ ಬರೆಯಲು ಎರಡೇ ಗಂಟೆ ಸಿಗುತ್ತದೆ. ಫ್ಯಾನ್ ಬೇಡ ಅಂದರೆ ಐದು ಜನ ಸಾಕು. ಬೆಳಗ್ಗೆ ಪರೀಕ್ಷೆ ಇಟ್ಟು ಕಿಟಕಿ ತೆಗೆದರೆ ಆ ಐದು ಜನವೂ ಬರೆಯಬಹುದು. ಮೇಡಂ, ಈ ಹಾಲ್‌ನಲ್ಲಿ ಒಂಬತ್ತು ಕಿಟಕಿ ಇವೆ, ಎಲ್ಲಾ ಮುಚ್ಚಿವೆ.'